ಕುಡಿದು ಎಸೆದ ಬಾಟಲಿ ಮತ್ತು ನಮ್ಮ ಆರೋಗ್ಯ

ಈಗ ಯಾವ ಮದುವೆ ಛತ್ರಕ್ಕೆ ಹೋದರೂ ಒಂದು ದೃಶ್ಯ ತಪ್ಪುವುದಿಲ್ಲ. ಎಲೆಗೆ ಉಪ್ಪು, ಉಪ್ಪಿನಕಾಯಿ ಬೀಳುವ ಮೊದಲೇ ಪಕ್ಕದಲ್ಲಿ ಕಾಲು ಲೀಟರಿನ ಪ್ಲಾಸ್ಟಿಕ್ ಬಾಟಲಿಯೊಂದು ಬಂದು ಕೂತಿರುತ್ತದೆ. ಜಗ್ ಹಿಡಿದು ಪಂಕ್ತಿಯ ನಡುವೆ ಓಡಾಡುತ್ತಾ ಲೋಟಕ್ಕೆ ನೀರು ಹಾಕುತ್ತಿದ್ದ ಹುಡುಗರು ಈಗ ಅಪರೂಪ. ಊಟ ಮುಗಿದ ಮೇಲೆ ಅರ್ಧ ಕುಡಿದ ಬಾಟಲಿ, ಎರಡು ಗುಟುಕು ಮಾತ್ರ ಕುಡಿದ ಬಾಟಲಿ, ಮುಚ್ಚಳವನ್ನೇ ತೆಗೆಯದ ಬಾಟಲಿ ಎಲ್ಲವೂ ಮೇಜಿನ ಮೇಲೆ ಹಾಸಿದ ಕಾಗದದೊಳಗೆ ಎಲೆಯೊಂದಿಗೇ ಸುರುಳಿ ಸುತ್ತಿಕೊಂಡು ತೊಟ್ಟಿ ಸೇರುತ್ತವೆ. ಐನೂರು ಜನರ ಊಟವೆಂದರೆ ಐನೂರು ಬಾಟಲಿ.

ಇದು ಪರಿಸರದ ಮಾತು, ಆರೋಗ್ಯದ ಅಂಕಣದಲ್ಲೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಜನರು ಬಾಟಲಿ ನೀರು ಕೊಳ್ಳುವುದೇ ಆರೋಗ್ಯದ ದೃಷ್ಟಿಯಿಂದ. ಟೈಫಾಯಿಡ್, ಕಾಮಾಲೆ, ವಾಂತಿಭೇದಿಗಳ ಭಯ ಅವರಿಗಿದೆ. ಆ ಭಯ ಸುಳ್ಳಲ್ಲ. ಮಳೆಗಾಲ ಬಂತೆಂದರೆ ಈ ಮೂರೂ ಕಾಯಿಲೆಗಳ ರೋಗಿಗಳು ಪ್ರತಿಯೊಬ್ಬ ವೈದ್ಯರ ಬಳಿಗೂ ಬರುತ್ತಾರೆ. ಒಂದು ಕಾಯಿಲೆಯಿಂದ ಪಾರಾಗಲು ಕೊಂಡ ಬಾಟಲಿ ಖಾಲಿಯಾದ ಮೇಲೆ ಬೇರೆ ಕಾಯಿಲೆಗಳಿಗೆ ದಾರಿ ಮಾಡಿಕೊಡಬಾರದಲ್ಲವೇ? ಆದ್ದರಿಂದ ಈ ಬಾಟಲಿ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳಿತು.

ಬಾಟಲಿ ಯಾವುದರಿಂದ ಆಗಿದೆ?

ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿಯ ತಳವನ್ನು ನೋಡಿ. ಬಾಣದ ಗುರುತುಗಳಿಂದಾದ ತ್ರಿಕೋನದೊಳಗೆ 1 ಎಂಬ ಅಂಕಿ ಇರುತ್ತದೆ. ಇದು ಪಾಲಿಎಥಿಲೀನ್ ಟೆರೆಫ್ತಲೇಟ್, ಚಿಕ್ಕದಾಗಿ 'ಪೆಟ್' ಎಂಬ ಪ್ಲಾಸ್ಟಿಕ್. ಇದರ ಮೂಲ ಪೆಟ್ರೋಲಿಯಂ. ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ತಜ್ಞರು 1941ರಲ್ಲಿ ಇದನ್ನು ಕಂಡುಹಿಡಿದದ್ದು ಬಟ್ಟೆಯ ನೂಲಿಗಾಗಿ. ಟೆರಿಲಿನ್ ಷರ್ಟು, ಟೆರಿಕಾಟ್ ಪ್ಯಾಂಟು ತೊಟ್ಟ ತಲೆಮಾರಿಗೆ ಇದು ಹಳೆಯ ಪರಿಚಯವೇ. ಇದರಿಂದ ಬಾಟಲಿ ತಯಾರಿಸುವ ವಿಧಾನಕ್ಕೆ ಅಮೆರಿಕದ ನಥಾನಿಯಲ್ ವೈಯತ್ ಅವರಿಗೆ ಪೇಟೆಂಟ್ ದೊರೆತದ್ದು 1973ರಲ್ಲಿ. ಹಗುರ, ಪಾರದರ್ಶಕ, ಬಿದ್ದರೆ ಒಡೆಯುವುದಿಲ್ಲ. ಗಾಜಿನ ಬಾಟಲಿ ಹಿಂದೆ ಸರಿಯಲು ಇಷ್ಟೇ ಸಾಕಾಯಿತು.

ಗಾಜಿನ ಬಾಟಲಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹಿಂದೆ ಸೋಡಾ ಕುಡಿದರೆ ಖಾಲಿ ಬಾಟಲಿಯನ್ನು ಅಂಗಡಿಗೇ ಹಿಂತಿರುಗಿಸಬೇಕಿತ್ತು. ಮನೆಗೆ ಒಯ್ಯುವುದಾದರೆ ಮುಂಗಡ ಹಣ ಇಡಬೇಕಿತ್ತು. ಪ್ಲಾಸ್ಟಿಕ್ ಬಾಟಲಿಯನ್ನು ಯಾರೂ ವಾಪಸು ಕೇಳುವುದಿಲ್ಲ. ಕುಡಿದವನ ಕೈಯಲ್ಲೇ ಅದರ ಜವಾಬ್ದಾರಿ ಉಳಿಯುತ್ತದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಜಲ ವಿಭಾಗ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ನಿಮಿಷಕ್ಕೆ 10 ಲಕ್ಷಕ್ಕೂ ಹೆಚ್ಚು ನೀರಿನ ಬಾಟಲಿಗಳು ಮಾರಾಟವಾಗುತ್ತವೆ.

ಬಾಟಲಿ ನೀರಿಗೆ ತಗಲುವ ಇಂಧನವೂ ಕಡಿಮೆಯಲ್ಲ. ಪ್ಲಾಸ್ಟಿಕ್ ತಯಾರಿಕೆ, ನೀರಿನ ಶುದ್ಧೀಕರಣ, ತಂಪಾಗಿಡುವುದು, ಲಾರಿಯಲ್ಲಿ ಸಾಗಿಸುವುದು ಎಲ್ಲಕ್ಕೂ ಇಂಧನ ಬೇಕು. ಅಮೆರಿಕದ ಪೆಸಿಫಿಕ್ ಇನ್‌ಸ್ಟಿಟ್ಯೂಟಿನ ತಜ್ಞರು 2009ರಲ್ಲಿ ಲೆಕ್ಕ ಹಾಕಿದಂತೆ, ಅಲ್ಲಿನ ನಲ್ಲಿ ನೀರಿಗೆ ಹೋಲಿಸಿದರೆ ಬಾಟಲಿ ನೀರಿಗೆ 2000 ಪಟ್ಟಿನವರೆಗೂ ಹೆಚ್ಚು ಇಂಧನ ಖರ್ಚಾಗಬಹುದು.

ಎಸೆದ ಮೇಲೆ ಏನಾಗುತ್ತದೆ?

ಬಾಳೆ ಎಲೆ ಕೊಳೆತು ಗೊಬ್ಬರವಾಗುತ್ತದೆ. ಪೆಟ್ ಬಾಟಲಿ ಹಾಗೆ ಕೊಳೆಯುವುದಿಲ್ಲ. ಬಿಸಿಲಿಗೆ ಪೆಡಸಾಗಿ, ಬಿರುಕು ಬಿಟ್ಟು, ಚೂರಾಗಿ, ಆ ಚೂರು ಪುಡಿಯಾಗುತ್ತಾ ಹೋಗುತ್ತದೆ. ಮಣ್ಣಿನಲ್ಲೂ ನೀರಿನಲ್ಲೂ ನೂರಾರು ವರ್ಷ ಉಳಿಯುತ್ತದೆ. ಅಷ್ಟು ದೂರದ ಮಾತು ಹಾಗಿರಲಿ. ಮನೆಯ ಸುತ್ತಮುತ್ತ ಇಂದೇ ಆಗುವ ತೊಂದರೆಗಳನ್ನು ನೋಡೋಣ.

ಮೊದಲನೆಯದು ಸೊಳ್ಳೆ. ಡೆಂಗಿ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಕಿಲ್ಲ, ಚರಂಡಿ ಬೇಕಿಲ್ಲ. ಮಳೆಯಲ್ಲಿ ಬಿದ್ದಿರುವ ಬಾಟಲಿಯ ತಳದಲ್ಲಿ ನಿಂತ ಒಂದೆರಡು ಚಮಚ ತಿಳಿನೀರು ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ನೀರು ಒಣಗಿದರೂ ಮೊಟ್ಟೆಗಳು ಅಂಟಿಕೊಂಡೇ ತಿಂಗಳುಗಟ್ಟಲೆ ಕಾಯುತ್ತವೆ. ಮುಂದಿನ ಮಳೆಗೆ ಒಡೆಯುತ್ತವೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಮನೆಯೊಳಗೆ ಎಷ್ಟೇ ಸೊಳ್ಳೆಬತ್ತಿ ಹಚ್ಚಿದರೂ ಖಾಲಿ ನಿವೇಶನದಲ್ಲಿ ಬಾಟಲಿಗಳು ಬಿದ್ದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ.

ಎರಡನೆಯದು ಚರಂಡಿ. ಬಾಟಲಿ, ಚೀಲಗಳು ಸೇರಿ ಮಳೆನೀರಿನ ಮೋರಿಯನ್ನು ಕಟ್ಟಿದರೆ ಕೊಳಚೆ ರಸ್ತೆಗೆ ನುಗ್ಗುತ್ತದೆ. ಒಡೆದ ಕೊಳವೆಗಳ ಮೂಲಕ ಅದೇ ಕೊಳಚೆ ಕುಡಿಯುವ ನೀರಿಗೆ ಸೇರಿದಾಗ ಟೈಫಾಯಿಡ್, ಕಾಮಾಲೆ, ವಾಂತಿಭೇದಿ ಬಡಾವಣೆಗೆ ಬಡಾವಣೆಯನ್ನೇ ಹಿಡಿಯುತ್ತವೆ. ಯಾವ ಕಾಯಿಲೆಗೆ ಹೆದರಿ ಬಾಟಲಿ ಕೊಂಡೆವೋ ಆ ಕಾಯಿಲೆಯೇ ಬಾಟಲಿಯ ದಾರಿಯಲ್ಲಿ ತಿರುಗಿ ಬರುತ್ತದೆ.

ಮೂರನೆಯದು ಹೊಗೆ. ಕಸ ವಿಲೇವಾರಿ ಸರಿಯಿಲ್ಲದ ಕಡೆ ಬೆಳಗಿನ ಜಾವ ಕಸದ ರಾಶಿಗೆ ಬೆಂಕಿ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಪ್ಲಾಸ್ಟಿಕ್ ಉರಿದಾಗ ಇಂಗಾಲದ ಮಾನಾಕ್ಸೈಡ್, ಬೆಂಜೀನ್, ಸೂಕ್ಷ್ಮ ಮಸಿ ಮುಂತಾದವು ಹೊರಬೀಳುತ್ತವೆ. ರಾಶಿಯಲ್ಲಿ ಪಿವಿಸಿ ಚೂರುಗಳಿದ್ದರೆ ಡಯಾಕ್ಸಿನ್ ಎಂಬ, ಕ್ಯಾನ್ಸರಿಗೆ ಕಾರಣವಾಗಬಲ್ಲ ವಿಷವೂ ಸೇರುತ್ತದೆ. ಉಬ್ಬಸದ ಮಕ್ಕಳಿಗೂ ವಯಸ್ಸಾದವರಿಗೂ ಈ ಹೊಗೆ ಬಹಳ ಕೆಟ್ಟದ್ದು. ಹಂಡೆಯ ಒಲೆಗೆ ಬೆಂಕಿ ಬೇಗ ಹತ್ತಲೆಂದು ಬಾಟಲಿ, ಪ್ಲಾಸ್ಟಿಕ್ ಹಾಳೆ ತುರುಕುವ ಅಭ್ಯಾಸ ಇರುವವರು ಅದನ್ನು ಇಂದೇ ಬಿಡಬೇಕು.

ಬಾಟಲಿಯ ನೀರು ಎಷ್ಟು ಶುದ್ಧ?

ಸರಿಯಾದ ಪರವಾನಗಿ ಇರುವ ಕಂಪನಿಯ, ಮುಚ್ಚಳ ಭದ್ರವಾಗಿರುವ ಬಾಟಲಿಯ ನೀರಿನಲ್ಲಿ ಸಾಮಾನ್ಯವಾಗಿ ರೋಗಾಣುಗಳ ಭಯ ಕಡಿಮೆ. ಪ್ರಯಾಣದಲ್ಲಿ, ನೀರು ನಂಬಲಾಗದ ಊರಿನಲ್ಲಿ, ಪ್ರವಾಹದಂಥ ಸಂದರ್ಭದಲ್ಲಿ ಬಾಟಲಿ ನೀರು ಕುಡಿಯುವುದು ತಪ್ಪಲ್ಲ. ಆದರೆ 'ಬಾಟಲಿ ನೀರು ಎಂದರೆ ಅಪ್ಪಟ ನೀರು' ಎಂಬ ನಂಬಿಕೆಯನ್ನು ಈಚಿನ ಸಂಶೋಧನೆಗಳು ಅಲುಗಾಡಿಸಿವೆ.

ಅಮೆರಿಕದ ಕೊಲಂಬಿಯಾ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಬಾಟಲಿ ನೀರಿನ ಪ್ರತಿ ಲೀಟರಿನಲ್ಲಿ ಸರಾಸರಿ 2 ಲಕ್ಷದ 40 ಸಾವಿರ ಪ್ಲಾಸ್ಟಿಕ್ ಕಣಗಳು ಕಂಡುಬಂದವು. ಅವುಗಳಲ್ಲಿ ಶೇ. 90ರಷ್ಟು ನ್ಯಾನೋ ಕಣಗಳು, ಅಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ನೆದರ್ಲೆಂಡ್ಸಿನ ವಿಜ್ಞಾನಿಗಳು 2022ರಲ್ಲಿ 22 ಮಂದಿಯ ರಕ್ತ ಪರೀಕ್ಷಿಸಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಕಣಗಳಿದ್ದವು. ಅವುಗಳಲ್ಲಿ ಹೆಚ್ಚಾಗಿ ಕಂಡುಬಂದದ್ದು ಪೆಟ್. ಇಟಲಿಯ ವೈದ್ಯರು 2024ರಲ್ಲಿ ಕತ್ತಿನ ರಕ್ತನಾಳದಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕೊಬ್ಬಿನ ಗಂಟನ್ನು ಪರೀಕ್ಷಿಸಿದರು. ಅದರಲ್ಲಿ ಪ್ಲಾಸ್ಟಿಕ್ ಕಣಗಳಿದ್ದ ರೋಗಿಗಳಿಗೆ ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಸಂಭವಿಸುವ ಅಪಾಯ, ಕಣಗಳಿಲ್ಲದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು.

ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಪ್ಲಾಸ್ಟಿಕ್ ಕಣವೇ ಹೃದಯಾಘಾತಕ್ಕೆ ಕಾರಣವೆಂದು ಈ ಅಧ್ಯಯನ ಸಾಬೀತುಪಡಿಸಿಲ್ಲ. ಎರಡೂ ಜೊತೆಯಲ್ಲಿ ಕಂಡುಬಂದವು ಎಂದಷ್ಟೇ ಹೇಳಿದೆ. ಈ ಕಣಗಳು ನೀರಿನಿಂದ ಮಾತ್ರವಲ್ಲದೆ ಗಾಳಿ, ಆಹಾರಗಳಿಂದಲೂ ದೇಹ ಸೇರುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟುಗಳೇ ಇಂದಿಗೂ ಹೃದಯದ ದೊಡ್ಡ ಶತ್ರುಗಳು. ಆದರೂ ತಪ್ಪಿಸಬಹುದಾದ ಪ್ಲಾಸ್ಟಿಕ್ಕನ್ನು ತಪ್ಪಿಸುವುದು ಜಾಣತನ.

ಕಾರಿನಲ್ಲಿ ಬಿಸಿಲಿಗೆ ಕಾದ ಬಾಟಲಿಯ ಒಂದು ಗುಟುಕು ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ಹಾಗೆ ಹೇಳಲು ಆಧಾರವಿಲ್ಲ. ಪೆಟ್ ತಯಾರಿಸುವಾಗ ಬಳಸುವ ಆಂಟಿಮನಿ ಎಂಬ ಧಾತು ಅತ್ಯಲ್ಪ ಪ್ರಮಾಣದಲ್ಲಿ ನೀರಿಗೆ ಇಳಿಯುವುದು ನಿಜ. ಶಾಖ ಮತ್ತು ಕಾಲ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ 2008ರ ಅಧ್ಯಯನದಲ್ಲಿ 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆಂಟಿಮನಿ ಅಮೆರಿಕದ ಮಿತಿಯನ್ನು ದಾಟಲು 38 ದಿನ ಹಿಡಿಯಿತು. 80 ಡಿಗ್ರಿಯಲ್ಲಿ ಎರಡು ದಿನಗಳಿಗೆ ತುಸು ಹೆಚ್ಚು ಸಾಕಾಯಿತು. ಹಾಗಾಗಿ ಒಂದು ಮಧ್ಯಾಹ್ನ ಕಾದ ನೀರಿಗೆ ಹೆದರಬೇಕಿಲ್ಲ. ಆದರೆ ಬಾಟಲಿಗಳ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ವಾರಗಟ್ಟಲೆ ಇಡುವುದು, ಈ ಬಾಟಲಿಗೆ ಕುದಿಯುವ ನೀರು ತುಂಬುವುದು ಸರಿಯಲ್ಲ.

ಖಾಲಿ ಬಾಟಲಿಗೆ ತಿಂಗಳುಗಟ್ಟಲೆ ನೀರು ತುಂಬಿ ಮಕ್ಕಳನ್ನು ಶಾಲೆಗೆ ಕಳಿಸುವುದೂ ಒಳ್ಳೆಯದಲ್ಲ. ಕಿರಿದಾದ ಬಾಯಿಯೊಳಗೆ ಕೈಯಾಗಲಿ ಬ್ರಷ್ ಆಗಲಿ ಸರಿಯಾಗಿ ಹೋಗುವುದಿಲ್ಲ. ಬಾಯಿ ಹಚ್ಚಿ ಕುಡಿದ ಎಂಜಲು ಒಳಗೇ ಉಳಿದು ಲೋಳೆಗಟ್ಟುತ್ತದೆ. ಅಗಲ ಬಾಯಿಯ ಸ್ಟೀಲ್ ಬಾಟಲಿ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಬಾಟಲಿ ಮತ್ತೆ ಬಳಕೆಗೆ ಬರುವುದು ಹೇಗೆ?

ಪೆಟ್ ಪ್ಲಾಸ್ಟಿಕ್ಕಿನ ಒಂದು ಒಳ್ಳೆಯ ಗುಣವೆಂದರೆ ಅದನ್ನು ಕರಗಿಸಿ ಮತ್ತೆ ಬಳಸಬಹುದು. ನಮ್ಮ ದೇಶದಲ್ಲಿ ಈ ಕೆಲಸ ಚೆನ್ನಾಗಿಯೇ ನಡೆಯುತ್ತಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ 2017ರ ಅಂದಾಜಿನಂತೆ ಭಾರತದಲ್ಲಿ ಪೆಟ್ಟಿನ ಸುಮಾರು ಶೇ. 90 ಭಾಗ ಯಾವುದಾದರೊಂದು ರೀತಿಯಲ್ಲಿ ಮರುಬಳಕೆಯಾಗುತ್ತದೆ. ಜಗತ್ತಿನಲ್ಲಿ 2015ರವರೆಗೆ ಬಿಸಾಡಿದ ಎಲ್ಲ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಮರುಸಂಸ್ಕರಣೆಯಾದದ್ದು ಶೇ. 9 ಮಾತ್ರ ಎಂಬುದಕ್ಕೆ ಹೋಲಿಸಿದರೆ ಇದು ದೊಡ್ಡ ಮಾತೇ.

ಇದರ ಶ್ರೇಯಸ್ಸು ಯಾರಿಗೆ ಸಲ್ಲಬೇಕು? ಬೆಳಗಾಗುವ ಮೊದಲೇ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಹೊರಡುವ ಚಿಂದಿ ಆಯುವವರಿಗೆ, ಗುಜರಿ ಅಂಗಡಿಯವರಿಗೆ, ಪೌರಕಾರ್ಮಿಕರಿಗೆ. ಒಂದು ಲೀಟರಿನ ಖಾಲಿ ಬಾಟಲಿಯ ತೂಕ ಸುಮಾರು 20 ಗ್ರಾಂ. ಒಂದು ಕಿಲೋ ಆಗಬೇಕಾದರೆ ಐವತ್ತು ಸಲ ಬಗ್ಗಬೇಕು. ನಾವು ಹಳಸಿದ ಅನ್ನ, ಒಡೆದ ಗಾಜು, ಬಳಸಿದ ಸೂಜಿ, ಮಕ್ಕಳ ಡಯಾಪರ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದಾಗ ಅವರು ಬರಿಗೈಯನ್ನು ಅದರೊಳಗೆ ಹಾಕಬೇಕಾಗುತ್ತದೆ. ಕೈ ಕೊಯ್ದ ಗಾಯ, ಕೀವು, ಚರ್ಮರೋಗ ಅವರಿಗೆ ಸಾಮಾನ್ಯ. ಧನುರ್ವಾಯುವಿನ ಅಪಾಯವೂ ಇದೆ.

ಗುಜರಿಯಿಂದ ಬಾಟಲಿಗಳು ಮರುಸಂಸ್ಕರಣೆಯ ಕಾರ್ಖಾನೆಗೆ ಹೋಗುತ್ತವೆ. ಅಲ್ಲಿ ಬಣ್ಣದ ಬಾಟಲಿಯನ್ನು ಬೇರೆ ಮಾಡಿ, ಲೇಬಲ್ ತೆಗೆದು, ಚೂರು ಚೂರಾಗಿ ಕತ್ತರಿಸುತ್ತಾರೆ. ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯುತ್ತಾರೆ. ನೀರಿನ ತೊಟ್ಟಿಗೆ ಹಾಕಿದಾಗ ಪೆಟ್ ಚೂರು ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ಎರಡೂ ಸುಲಭವಾಗಿ ಬೇರೆಯಾಗುತ್ತವೆ. ಆದರೆ ಪಿವಿಸಿ ಲೇಬಲ್ ಪೆಟ್ಟಿನಂತೆಯೇ ಮುಳುಗುತ್ತದೆ, ಕರಗಿಸುವಾಗ ಸುಟ್ಟು ಇಡೀ ಪಾಕವನ್ನು ಕೆಡಿಸುತ್ತದೆ. ಶುದ್ಧವಾದ ಚೂರನ್ನು ಕರಗಿಸಿ ಎಳೆದರೆ ನೂಲಾಗುತ್ತದೆ. ದಿಂಬಿನ ಹತ್ತಿ, ಜಮಖಾನ, ಟಿ-ಷರ್ಟುಗಳಲ್ಲಿ ಹೀಗೆ ಹಳೆಯ ಬಾಟಲಿ ಸೇರಿರುತ್ತದೆ. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ನಡೆದ ಇಂಧನ ಸಪ್ತಾಹದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರಿಗೆ ನೀಡಲಾದ ನೀಲಿ ಜಾಕೆಟ್ ಇಂಥದೇ ನೂಲಿನದು. ಅದನ್ನು ತೊಟ್ಟೇ ಅವರು ಸಂಸತ್ತಿಗೆ ಬಂದಿದ್ದರು.

ಮರುಸಂಸ್ಕರಣೆಯೊಂದೇ ಸಾಕೇ?

ಸಾಲದು. ಬಾಟಲಿ ನೂಲಾದ ಮೇಲೆ ಅದು ಮತ್ತೆ ಬಾಟಲಿಯಾಗುವುದು ಕಡಿಮೆ. ದಿಂಬು ಹಳತಾದಾಗ ಅದೂ ಕಸವೇ. ಬಟ್ಟೆ ಒಗೆದಾಗ ನೂಲಿನ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ. ಹೊಸ ಬಾಟಲಿಗೆ ಪುನಃ ಹೊಸ ಪ್ಲಾಸ್ಟಿಕ್ಕೇ ಬೇಕು. ಇನ್ನೊಂದು ವಿಷಯ: ಕೊಳೆ, ಎಣ್ಣೆ, ಸಾರು ಮೆತ್ತಿದ ಬಾಟಲಿಗೆ ಗುಜರಿಯಲ್ಲಿ ಬೆಲೆಯಿಲ್ಲ. ಛತ್ರದಲ್ಲಿ ಎಲೆಯೊಳಗೆ ಸುತ್ತಿ ಹೋದ ಬಾಟಲಿ, ಅರಣ್ಯದ ರಸ್ತೆಯಲ್ಲಿ ಕಾರಿನಿಂದ ಎಸೆದ ಬಾಟಲಿ, ನದಿಗೆ ಬಿದ್ದ ಬಾಟಲಿ ಸುಲಭವಾಗಿ ಆಯುವವರ ಕೈಗೆ ಸಿಗುವುದಿಲ್ಲ.

ಇದಕ್ಕೆ ಕೆಲವು ಕಡೆ ಉತ್ತರ ಕಂಡುಕೊಂಡಿದ್ದಾರೆ. ಜರ್ಮನಿಯಲ್ಲಿ 2003ರಿಂದ ಬಾಟಲಿಯ ಮೇಲೆ ಮುಂಗಡ ಹಣ ಇಡುವ ಪದ್ಧತಿ ಇದೆ. ಖಾಲಿ ಬಾಟಲಿ ಹಿಂತಿರುಗಿಸಿದರೆ 25 ಸೆಂಟ್ ವಾಪಸು. ಶೇ. 95ಕ್ಕೂ ಹೆಚ್ಚು ಬಾಟಲಿಗಳು ಮರಳಿ ಬರುತ್ತವೆ. ನಮ್ಮ ಹಳೆಯ ಸೋಡಾ ಅಂಗಡಿಯ ಲೆಕ್ಕವೇ ಇದು! ಕೇದಾರನಾಥದ ಯಾತ್ರೆಯಲ್ಲಿ 2022ರಿಂದ ಬಾಟಲಿಗೆ 10 ರೂಪಾಯಿ ಮುಂಗಡದ ಪ್ರಯೋಗ ನಡೆದಿದೆ. ಸಿಕ್ಕಿಂ ರಾಜ್ಯ 2022ರ ಜನವರಿ 1ರಿಂದ ಬಾಟಲಿ ನೀರನ್ನೇ ನಿಷೇಧಿಸಿತು. ಬಂಡೀಪುರ ದಾಟಿ ಊಟಿಗೆ ಹೋಗುವ ನಮ್ಮ ಪ್ರವಾಸಿಗರಿಗೆ ನೀಲಗಿರಿ ಜಿಲ್ಲೆಯಲ್ಲಿ 2019ರಲ್ಲಿ ಸಣ್ಣ ನೀರಿನ ಬಾಟಲಿಗಳ ಮೇಲೆ ಬಂದ ನಿಷೇಧ ಗೊತ್ತೇ ಇದೆ.

ಮನೆಯ ನೀರನ್ನು ನಂಬುವಂತೆ ಮಾಡಿಕೊಳ್ಳಿ

ಬಾಟಲಿ ಬಿಡಿ ಎಂದು ಹೇಳಿದ ಮೇಲೆ ಏನು ಕುಡಿಯಬೇಕೆಂದೂ ಹೇಳಬೇಕು. ನಲ್ಲಿಯ ನೀರನ್ನು ದಪ್ಪ, ಶುಭ್ರ ಬಟ್ಟೆಯಲ್ಲಿ ಸೋಸಿ ಕುದಿಸಿ. ಮರಳಿ ಕುದಿ ಬಂದ ಮೇಲೆ ಒಂದೆರಡು ನಿಮಿಷ ಕುದಿದರೆ ಟೈಫಾಯಿಡ್, ಕಾಲರಾ, ಕಾಮಾಲೆಯ ರೋಗಾಣುಗಳು ಸಾಯುತ್ತವೆ. ಅರ್ಧ ಗಂಟೆ ಕುದಿಸಿ ಗ್ಯಾಸ್ ಹಾಳು ಮಾಡಬೇಕಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಿಸಿ, ಉದ್ದ ಹಿಡಿಯ ಸೌಟಿನಿಂದ ತೆಗೆದುಕೊಳ್ಳಿ.

ಕುದಿಸುವುದರಿಂದ ಮತ್ತೊಂದು ಲಾಭವೂ ಇದೆ. ಚೀನಾದ ವಿಜ್ಞಾನಿಗಳು 2024ರಲ್ಲಿ ತೋರಿಸಿದಂತೆ, ಗಡಸು ನೀರನ್ನು ಕುದಿಸಿದಾಗ ಅದರಲ್ಲಿನ ಸುಣ್ಣದ ಅಂಶ ಪ್ಲಾಸ್ಟಿಕ್ ಕಣಗಳನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ತುಂಬಾ ಗಡಸಾದ ನೀರಿನಲ್ಲಿ ಶೇ. 90ರವರೆಗೂ ಕಣಗಳು ಕಡಿಮೆಯಾದವು. ನಮ್ಮ ಬೋರ್‌ವೆಲ್ ನೀರು ಬಹುಪಾಲು ಗಡಸು. ಪಾತ್ರೆಯ ತಳದ ಬಿಳಿ ಪುಡಿಯನ್ನು ಕಲಕದೆ, ಮೇಲಿನ ತಿಳಿಯನ್ನು ಸೋಸಿಕೊಳ್ಳಿ.

ಒಂದು ಎಚ್ಚರಿಕೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಪಾವಗಡದಂಥ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ತಾಲ್ಲೂಕುಗಳಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕೊಡದಲ್ಲಿ ನೀರು ತರುವುದು ಒಳ್ಳೆಯದು. ತಾಮ್ರದ ಕೊಡವೂ ಹಳೆಯ ಕಾಲದ ಮೂಢನಂಬಿಕೆಯಲ್ಲ. ರೋಗಾಣು ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟಾಗ ಅವು ಸತ್ತವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ವರದಿ ಮಾಡಿದ್ದಾರೆ. ಆದರೂ ಸಾಂಕ್ರಾಮಿಕ ರೋಗ ಹಬ್ಬಿರುವಾಗ ಅದನ್ನೇ ನೆಚ್ಚದೆ ಕುದಿಸಿಯೇ ಕುಡಿಯಬೇಕು.

ಇವನ್ನು ನೆನಪಿಡಿ

* ಮನೆಯಿಂದ ಹೊರಡುವಾಗ ಸ್ಟೀಲ್ ಬಾಟಲಿಯಲ್ಲಿ ಆರಿಸಿದ ನೀರು ಒಯ್ಯಿರಿ. ಬಾಟಲಿ, ಮುಚ್ಚಳ ಎರಡನ್ನೂ ದಿನವೂ ತೊಳೆಯಿರಿ.

* ಬಾಟಲಿ ನೀರು ಕೊಳ್ಳಲೇಬೇಕಾದರೆ ಮುಚ್ಚಳದ ಸೀಲ್, ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ ನೋಡಿ ಕೊಳ್ಳಿ.

* ಕುಡಿದು ಮುಗಿದ ಮೇಲೆ ಉಳಿದ ನೀರನ್ನು ಗಿಡಕ್ಕೆ ಚೆಲ್ಲಿ, ಬಾಟಲಿಯನ್ನು ಕಾಲಿನಿಂದ ಅದುಮಿ, ಮುಚ್ಚಳ ಹಾಕಿ. ಅದುಮಿದ ಬಾಟಲಿಗೆ ಮೋಸಗಾರರು ಕೊಳೆ ನೀರು ತುಂಬಿ ಮತ್ತೆ ಮಾರಲಾರರು, ಸೊಳ್ಳೆಯೂ ಮೊಟ್ಟೆ ಇಡಲಾರದು.

* ಒಣಕಸವನ್ನು ಬೇರೆ ಚೀಲದಲ್ಲಿಟ್ಟು ಪೌರಕಾರ್ಮಿಕರಿಗೋ ಗುಜರಿಯವರಿಗೋ ಕೊಡಿ. ಹಸಿಕಸದೊಡನೆ ಬೆರೆಸಬೇಡಿ. ಸೂಜಿ, ಗಾಜುಗಳನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಮಾಡಿ ಕೊಡಿ.

* ಪ್ಲಾಸ್ಟಿಕ್ಕನ್ನು ಒಲೆಯಲ್ಲಾಗಲಿ ಅಂಗಳದಲ್ಲಾಗಲಿ ಸುಡಬೇಡಿ.

* ಮನೆಯಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಇದ್ದರೆ ಅಡುಗೆಯವರೊಡನೆ ಮಾತನಾಡುವಾಗಲೇ ದೊಡ್ಡ ಕ್ಯಾನಿನ ನೀರು, ಸ್ಟೀಲ್ ಲೋಟ, ನೀರು ಬಡಿಸಲು ನಾಲ್ಕು ಹುಡುಗರು ಎಂದು ಗೊತ್ತು ಮಾಡಿ. ಲೋಟಗಳನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆಯುವ ವ್ಯವಸ್ಥೆಯೂ ಇರಲಿ.

ನಿಷೇಧ, ದಂಡ, ಕಾನೂನುಗಳು ಸರ್ಕಾರದ ಕೆಲಸ. ಬಾಟಲಿ ಗುಜರಿ ಸೇರಿ ನೂಲಾಗಬೇಕೋ, ಮೋರಿ ಸೇರಿ ಸೊಳ್ಳೆಯ ತೊಟ್ಟಿಲಾಗಬೇಕೋ ಎಂಬುದು ಕುಡಿದು ಮುಗಿಸಿದ ಆ ಒಂದು ನಿಮಿಷದಲ್ಲಿ, ಕುಡಿದವರ ಕೈಯಲ್ಲಿ ತೀರ್ಮಾನವಾಗುತ್ತದೆ. ಆ ಬಾಟಲಿಯನ್ನು ಕೊಳ್ಳಲೇಬೇಕೇ ಎಂಬ ಪ್ರಶ್ನೆ ಅದಕ್ಕೂ ಮೊದಲಿನದು. ಮನೆಯ ಹಿರಿಯರು ಇವೆರಡನ್ನೂ ಮಾಡಿ ತೋರಿಸಿದರೆ ಮಕ್ಕಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.